ದೀನರಿಗಾಗಿ ಲೇಖನಿ ಹಿಡಿದ ಫ್ರಾನ್ಸಿಸ್ ಪವರ್ ಕಾಬ್

ಫ್ರಾನ್ಸಿಸ್ ಪವರ್ ಕಾಬ್ ಎಂಬಾಕೆಯು 1822ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಭೂಮಾಲಿಕರ ಮನೆತನವೊಂದರಲ್ಲಿ ಜನಿಸಿದಳು. ಬಾಲ್ಯದಲ್ಲಿ ಆಕೆಯನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದ ಕನ್ಯಾಶಾಲೆಯೊಂದಕ್ಕೆ ಕಳುಹಿಸಿದರು. ಅಲ್ಲಿಯ ಎರಡು ವರ್ಷಗಳ ವೆಚ್ಚವು 1,000 ಪೌಂಡು. ಅಷ್ಟು ಹಣಕ್ಕೆ ದೊರೆತದ್ದೇನು? ಸಂಗೀತ ನರ್ತನಗಳಿಗೆ ಅಗ್ರಸ್ಥಾನವಿದ್ದಿತು. ನೀತಿಗೂ ಧರ್ಮಬೋಧೆಗೂ ಕಟ್ಟಕಡೆಯ ಸ್ಥಾನವೆಂದು ಆಕೆಯೇ ತನ್ನ ಆತ್ಮಕಥೆಯಲ್ಲಿ ಬರೆದಿರುವಳು. ನಿಜವಾದ ವಿದ್ಯೆಯನ್ನು ಮನೆಗೆ ಹಿಂದಿರುಗಿದ ಮೇಲೆ ಸ್ವಂತ ವ್ಯಾಸಂಗದಿಂದ ಸಂಪಾದಿಸಿದಳು.

1857ರಲ್ಲಿ ತಂದೆಯು ತೀರಿಕೊಂಡನು. ಮರುವರ್ಷ ಆಕೆಯು ಬ್ರಿಸ್ಟಲಿಗೆ ಹೋಗಿ, ದಾರಿತಪ್ಪಿದ ಬಾಲಕಿಯರಿಗಾಗಿ ಮೇರಿ ಕಾರ್ಪೆಂಟರಳು ನಡೆಸುತ್ತಿದ್ದ 'ರೆಡ್ ಲಾಡ್ಜ್' ಎಂಬ ಸುಧಾರಣಾಶಾಲೆಯಲ್ಲಿ ಸೇವೆಗೆ ನಿಂತಳು. ಈ ಕಾರ್ಪೆಂಟರಳೇ 1866ರಲ್ಲಿ ಹಿಂದೂದೇಶಕ್ಕೆ ಬಂದು, ಉಪಾಧ್ಯಾಯಿನಿಯರಿಗೆ ತರಬೇತಿಶಾಲೆಗಳು ಬೇಕೆಂದು ವಾದಿಸಿದ ಮಹಿಳೆ. ಬ್ರಿಸ್ಟಲಿನಲ್ಲಿದ್ದಾಗ ಕಾಬಳು ಬಡವರ ಆಶ್ರಯಗೃಹಗಳನ್ನೂ ಕಂಡಳು. ವಾಸಿಯಾಗದ ರೋಗಿಗಳಿಗೆ ಪ್ರತ್ಯೇಕವಾದ ಕೊಠಡಿಗಳಿರಬೇಕೆಂದು ಬೇಡಿದಳು. ಅಲ್ಲಿಂದ ಮನೆಗೆಲಸಕ್ಕೆ ಹೋಗುವ ಅನಾಥ ಬಾಲಕಿಯರನ್ನು ವಿಚಾರಿಸುವವರೇ ಇಲ್ಲವೆಂದು ನೊಂದು, ಅವರ ಸಹಾಯಕ್ಕಾಗಿ 1861ರಲ್ಲಿ ಲೇಖನ ಬರೆದಳು.

1862ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ, ಸ್ತ್ರೀಯರಿಗೂ ವಿಶ್ವವಿದ್ಯಾನಿಲಯದ ಪದವಿಗಳು ದೊರೆಯಬೇಕೆಂದು ಪ್ರಬಂಧವನ್ನೋದಿದಳು. ಪತ್ರಿಕೆಗಳು ಅಪಹಾಸ್ಯ ಮಾಡಿದವು. ಹದಿನಾರು ವರ್ಷಗಳ ತರುವಾಯ ಲಂಡನ್ ವಿಶ್ವವಿದ್ಯಾನಿಲಯವು ಆ ಪದವಿಗಳನ್ನು ಸ್ತ್ರೀಯರಿಗೆ ತೆರೆಯಿತು.

ಅಪಹಾಸ್ಯಕ್ಕಂಜಿ ಆಕೆಯು ಪತ್ರಿಕೆಗಳಿಂದ ದೂರ ಸರಿಯಲಿಲ್ಲ. 1868ರಲ್ಲಿ ಲಂಡನ್ನಿನಲ್ಲಿ ಅರ್ಧ ಪೆನ್ನಿಯ 'ಎಕೋ' ಎಂಬ ಸಂಜೆಯ ಪತ್ರಿಕೆಯು ಪ್ರಾರಂಭವಾಯಿತು. ವಾರಕ್ಕೆ ಮೂರು ಬೆಳಗು ಆಕೆಯು ಅದರ ಕಾರ್ಯಾಲಯಕ್ಕೆ ಹೋಗಿ ಅಗ್ರಲೇಖನ ಬರೆದುಕೊಡುತ್ತಿದ್ದಳು. 1875ರ ವರೆಗೆ ಇಂತಹ ಸಾವಿರಕ್ಕೂ ಮಿಕ್ಕ ಲೇಖನಗಳನ್ನು ಬರೆದಳು.

ಆಕೆಯ ಅತ್ಯಂತ ಫಲಕಾರಿಯಾದ ಬರಹವು 1878ರದು. ಹೆಂಡಿರನ್ನು ಕ್ರೂರವಾಗಿ ಹೊಡೆದ ಗಂಡಂದಿರ ಮೊಕದ್ದಮೆಗಳನ್ನು ಪತ್ರಿಕೆಯಲ್ಲಿ ಓದಿ ಆಕೆಯ ಮನಸ್ಸು ಕಲಕಿತು. ಅಂತಹ ಗಂಡನಿಗೆ ಸೆರೆವಾಸವಾದರೂ, ಬಿಡುಗಡೆಯಾದೊಡನೆ ಅವನು ಆ ಮನೆಗೇ ಬರುವನು; ವಿವಾಹವಿಚ್ಛೇದನದ ವೆಚ್ಚವನ್ನು ಬಡವರು ತಾಳಲಾರರು. ಇದನ್ನು ಆಕೆಯು ಸಾಕ್ಷ್ಯಸಮೇತವಾಗಿ ವಿವರಿಸಿ, ಮಸೂದೆಯೊಂದಕ್ಕಾಗಿ ಶ್ರಮಿಸಿದಳು. ಅದೇ ವರ್ಷ ಕಾನೂನು ಬದಲಾಯಿತು: ಘೋರ ಹಲ್ಲೆಗಾಗಿ ಗಂಡನು ಶಿಕ್ಷಿತನಾದಲ್ಲಿ, ಹೆಂಡತಿಯು ಪ್ರತ್ಯೇಕವಾಗಿ ವಾಸಿಸಲು ಮ್ಯಾಜಿಸ್ಟ್ರೇಟರು ಅಪ್ಪಣೆ ಕೊಡಬಹುದಾಯಿತು, ಆಕೆಗೆ ಜೀವನಾಂಶವನ್ನೂ ಹತ್ತು ವರ್ಷದೊಳಗಿನ ಮಕ್ಕಳ ಪಾಲನೆಯನ್ನೂ ವಿಧಿಸಬಹುದಾಯಿತು.

ಮೂಕಪ್ರಾಣಿಗಳನ್ನು ಜೀವಂತವಾಗಿ ಕೊಯ್ದು ಪರೀಕ್ಷಿಸುವುದರ ವಿರುದ್ಧವಾಗಿಯೂ ಸಂಘಗಳನ್ನು ಸ್ಥಾಪಿಸಿ ಹೋರಾಡಿದ ಈಕೆಯು 1904ರಲ್ಲಿ ವೇಲ್ಸ್ ಪ್ರಾಂತದಲ್ಲಿ ಮೃತಳಾದಳು.

ಪ್ರಿಯ ವಿದ್ಯಾರ್ಥಿನಿಯರೇ, ಆ ಮೊಕದ್ದಮೆಗಳನ್ನು ಸಾವಿರಾರು ಮಂದಿ ಓದಿ ಪತ್ರಿಕೆಯನ್ನು ಮಡಿಸಿಟ್ಟಿರಬೇಕು. ಒಬ್ಬಾಕೆ ಓದಿ, ಎದ್ದು, ಲೇಖನಿಯನ್ನು ಹಿಡಿದಳು. ನೀವು ಕಲಿತ ಅಕ್ಷರವು ನಿಮ್ಮನ್ನು ಯಾರ ಬಳಿಗೆ ಕರೆದೊಯ್ಯುವುದೆಂದು ಯೋಚಿಸಿರಿ.