ಲೆಕ್ಕ ಎಲ್ಲರ ಕಣ್ಣಿಗೂ ಕಾಣಲಿ



ಜೆ.ಪಿ. ನಗರದ ಒಂದು ಸ್ವಸಹಾಯ ಸಂಘದ ಸಭೆ. ಪುಸ್ತಕ ಬರೆಯುವ ಹುಡುಗಿ ಹಳೆಯ ವಿಂಡೋಸ್ 7 ಕಂಪ್ಯೂಟರಿನ ಕ್ಯಾಲ್ಕುಲೇಟರ್‌ನಲ್ಲಿ ಎಲ್ಲರ ಉಳಿತಾಯ ಕೂಡಿಸಿದಳು. ಪರದೆ ಮೇಲೆ 105000 ಅಂತ ಬಂತು. ನಾವು ಅದನ್ನು ನೋಡಿ "ಹತ್ತು ಸಾವಿರದ ಐನೂರು" ಎಂದು ಗಟ್ಟಿಯಾಗಿ ಓದಿಬಿಟ್ಟೆವು. ಎಲ್ಲರ ಮುಖ ಬಾಡಿತು. ಹೂ ಮಾರುವ ಅಕ್ಕ ಒಬ್ಬರು ಮೆಲ್ಲಗೆ, "ಸಿಸ್ಟರ್, ವಾರಕ್ಕೆ ನೂರು ರೂಪಾಯಿಯಂತೆ ಎಪ್ಪತ್ತು ವಾರ ಕಟ್ಟಿದೀವಿ. ತಲಾ ಏಳು ಸಾವಿರ ಆಯ್ತು. ಹದಿನೈದು ಜನ ಇದೀವಿ. ಇಷ್ಟು ಕಡಿಮೆ ಹೇಗಾಗುತ್ತೆ?" ಎಂದರು.

ಅವರ ಬಾಯಿಲೆಕ್ಕವೇ ಸರಿ. ಅದು 1,05,000. ತಪ್ಪು ಯಂತ್ರದ್ದಲ್ಲ, ಓದಿದ ನಮ್ಮದು. ಆ ಅಕ್ಕ ಕೇಳದೇ ಹೋಗಿದ್ದರೆ ಪುಸ್ತಕ ಬರೆಯುವ ಹುಡುಗಿಯ ಮೇಲೆ ಸುಮ್ಮನೆ ಅನುಮಾನ ಬರುತ್ತಿತ್ತು. ಸಂಘಗಳು ಒಡೆಯುವುದು ಹಣದ ಕೊರತೆಯಿಂದ ಮಾತ್ರವಲ್ಲ, ಇಂಥ ಅನುಮಾನದಿಂದಲೂ ಹೌದು. ಅದಕ್ಕೇ ಕ್ಯಾಲ್ಕುಲೇಟರಿನ ಪರದೆಯನ್ನು ಎಲ್ಲರೂ ಓದುವಂತೆ ಮಾಡಿಕೊಳ್ಳುವುದು ಹೇಗೆ ಎಂದು ಇಲ್ಲಿ ತಿಳಿಸುತ್ತೇವೆ.

ಅಲ್ಪವಿರಾಮ ನಮ್ಮ ರೀತಿಯಲ್ಲಿರಲಿ

ವಿಂಡೋಸ್ 7ರಲ್ಲಿ ಕ್ಯಾಲ್ಕುಲೇಟರಿನ 'ವ್ಯೂ' ಮೆನು ತೆರೆದು 'ಡಿಜಿಟ್ ಗ್ರೂಪಿಂಗ್' ಒತ್ತಿದರೆ ಸಾಕು, ಅಂಕಿಗಳ ನಡುವೆ ಅಲ್ಪವಿರಾಮ ಬರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಅದು ತಾನಾಗಿಯೇ ಬರುತ್ತದೆ. ಆದರೆ ಕೆಲವು ಕಂಪ್ಯೂಟರುಗಳಲ್ಲಿ ಅಮೆರಿಕದ ರೀತಿಯಲ್ಲಿ 105,000 ಎಂದಿರುತ್ತದೆ. ನಮಗೆ ಬೇಕಾದದ್ದು ಪಾಸ್‌ಬುಕ್ಕಿನ ಹಾಗೆ ಬಲಗಡೆ ಮೂರು ಅಂಕಿ, ಆಮೇಲೆ ಎರಡೆರಡು: ಸಾವಿರ, ಲಕ್ಷ, ಕೋಟಿ.

ಹೀಗೆ ಮಾಡಿ:

1. 'ಕಂಟ್ರೋಲ್ ಪ್ಯಾನೆಲ್' ತೆರೆದು 'ರೀಜನ್' ಒತ್ತಿ.
2. 'ಫಾರ್ಮ್ಯಾಟ್ಸ್' ಪುಟದ ಕೆಳಗಿರುವ 'ಅಡಿಷನಲ್ ಸೆಟ್ಟಿಂಗ್ಸ್' ಒತ್ತಿ.
3. 'ನಂಬರ್ಸ್' ಪುಟದಲ್ಲಿ 'ಡಿಜಿಟ್ ಗ್ರೂಪಿಂಗ್' ಎದುರು 12,34,56,789 ಎಂಬ ಮಾದರಿ ಆರಿಸಿ, 'ಓಕೆ' ಕೊಡಿ.
4. ಕ್ಯಾಲ್ಕುಲೇಟರ್ ಮುಚ್ಚಿ ಮತ್ತೆ ತೆರೆಯಿರಿ.

ಈ ಬದಲಾವಣೆ ಎಕ್ಸೆಲ್‌ನಂಥ ಬೇರೆ ಪ್ರೋಗ್ರಾಮುಗಳಿಗೂ ತಗಲುತ್ತದೆ. ಕಂಪ್ಯೂಟರ್ ಬೇರೆಯವರದಾದರೆ ಮೊದಲು ಕೇಳಿಕೊಳ್ಳಿ.

ದೂರ ಕುಳಿತವರಿಗೂ ಕಾಣಲಿ

ಹೊಸ ಕ್ಯಾಲ್ಕುಲೇಟರಿನ ಚೌಕಟ್ಟನ್ನು ಮೂಲೆ ಹಿಡಿದು ದೊಡ್ಡದು ಮಾಡಿದರೆ ಅಂಕಿಗಳೂ ದೊಡ್ಡವಾಗುತ್ತವೆ. ಕಪ್ಪು ಪರದೆ ಓದಲು ಕಷ್ಟವಾದರೆ ಎಡ ಮೇಲ್ಗಡೆಯ ಮೂರು ಗೆರೆ ಒತ್ತಿ, 'ಸೆಟ್ಟಿಂಗ್ಸ್'ನಲ್ಲಿ 'ಲೈಟ್' ಆರಿಸಿ. ಚೌಕಟ್ಟನ್ನು ಅಗಲ ಮಾಡಿದಾಗ ಬಲಗಡೆ 'ಹಿಸ್ಟರಿ' ಕಾಣುತ್ತದೆ. ಯಾವ ಯಾವ ಲೆಕ್ಕ ಮಾಡಿದೆವು ಎಂದು ಅಲ್ಲಿ ಎಲ್ಲರೂ ನೋಡಬಹುದು. ಆದರೆ ಅದು ನಗದು ಪುಸ್ತಕ ಅಲ್ಲ. ಪುಸ್ತಕದಲ್ಲಿ ಬರೆದು ಸಹಿ ಮಾಡಿದ್ದೇ ಲೆಕ್ಕ.

ಚುಕ್ಕಿ ಆದಮೇಲಿನ ಅಂಕಿ

ಒಂದು ಲಕ್ಷ ರೂಪಾಯಿ ಸಾಲವನ್ನು 15 ಕಂತು ಮಾಡಿದರೆ ಪರದೆ ಮೇಲೆ 6,666.666 ಎಂದು ಉದ್ದಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಮೇಜಿನ ಕ್ಯಾಲ್ಕುಲೇಟರುಗಳಲ್ಲಿ ಚುಕ್ಕಿ ಆದಮೇಲೆ ಎಷ್ಟು ಅಂಕಿ ಬೇಕೆಂದು ನಿಗದಿ ಮಾಡುವ ಸಣ್ಣ ಗುಂಡಿ ಇರುತ್ತದೆ. ವಿಂಡೋಸ್‌ನ 'ಸ್ಟ್ಯಾಂಡರ್ಡ್' ಕ್ಯಾಲ್ಕುಲೇಟರಿನಲ್ಲಿ ಅದಿಲ್ಲ. ತೀರ್ಮಾನ ನಾವೇ ಮಾಡಬೇಕು. ಎಲ್ಲಾ ಕಂತನ್ನೂ 6,667 ಅಂದರೆ 5 ರೂಪಾಯಿ ಹೆಚ್ಚು, 6,666 ಅಂದರೆ 10 ರೂಪಾಯಿ ಕಡಿಮೆ. ಹತ್ತು ಕಂತು 6,667, ಐದು ಕಂತು 6,666 ಮಾಡಿ, ಸರಿಯಾಗಿ 1,00,000 ಆಗುತ್ತದೆ. ಇದನ್ನು ನಿರ್ಣಯ ಪುಸ್ತಕದಲ್ಲಿ ಮೊದಲೇ ಬರೆದಿಟ್ಟರೆ ಕೊನೆಯಲ್ಲಿ ಹತ್ತು ರೂಪಾಯಿಗೆ ಜಗಳ ಇರುವುದಿಲ್ಲ.

ಸಹೋದರಿಯರೇ, ಮುಂದಿನ ಸಭೆಯಲ್ಲಿ ಪರದೆಯನ್ನು ಸದಸ್ಯರ ಕಡೆ ತಿರುಗಿಸಿ ಇಡಿ. ಮೊತ್ತವನ್ನು ಒಬ್ಬರು ಓದಲಿ, ಇನ್ನೊಬ್ಬರು ಬಾಯಿಲೆಕ್ಕದಲ್ಲಿ ಅಂದಾಜು ಹೇಳಲಿ. ಎರಡೂ ಹೊಂದದಿದ್ದರೆ ಕೇಳಲು ನಾಚಬೇಡಿ. ಅವತ್ತು ಆ ಹೂವಿನ ಅಕ್ಕ ಕೇಳಿದ್ದರಿಂದಲೇ ನಾವು ಕಲಿತೆವು.