ಮಲಗುವ ಕೋಣೆಯ ಬಟ್ಟೆಕಪಾಟು: ಸ್ವಂತ ದುಡಿಮೆಯ ನಿಜವಾದ ಲೆಕ್ಕ

"ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು" ಎಂಬ ಗಾದೆಯನ್ನು ನಮ್ಮ ವರ್ತಕ ಬಂಧುಗಳು ಆಗಾಗ್ಗೆ ಉದಾಹರಿಸುವುದುಂಟು. ಈ ಗಾದೆಯಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಲೆಕ್ಕಪುಸ್ತಕದ ಮೂಲಕ ಪರಿಶೀಲಿಸುವ ಅವಕಾಶವೊಂದು ನನಗೆ ನಮ್ಮ ಮನೆಯಲ್ಲಿಯೇ ಒದಗಿ ಬಂದಿತು. ಮೂರು ದಶಕಗಳಿಂದ ಇತರರ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತಿರುವ ನಾನು, ಮೊದಲ ಬಾರಿಗೆ ನನ್ನದೇ ಒಂದು ಪುಟ್ಟ 'ಉತ್ಪಾದನಾ ಘಟಕ'ದ ಲೆಕ್ಕವನ್ನು ಪರಿಶೋಧಿಸಬೇಕಾಯಿತು. ಅದರ ಫಲಿತಾಂಶ ನನ್ನ ನಿರೀಕ್ಷೆಗಿಂತ ಭಿನ್ನವಾಗಿದ್ದುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ಹಿನ್ನೆಲೆ

ನಮ್ಮ ತಾಯಿಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಬಳಿಕ ಬಗ್ಗಿ ಕೆಳಗಿನ ಅರೆಯಿಂದ ಬಟ್ಟೆ ತೆಗೆಯುವುದಾಗಲಿ, ಮಣೆಯ ಮೇಲೆ ನಿಂತು ಮೇಲಿನದನ್ನು ತೆಗೆಯುವುದಾಗಲಿ ಸಾಧ್ಯವಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಸೀರೆಗಾಗಿ ಇನ್ನೊಬ್ಬರನ್ನು ಕರೆಯಬೇಕಾದ ಸ್ಥಿತಿ ಅವರಿಗೆ ನೋವಿಗಿಂತಲೂ ಹೆಚ್ಚಿನ ಬೇಸರವನ್ನು ತಂದಿತ್ತು. ಅಂಗಡಿಗಳಲ್ಲಿ ದೊರೆಯುವ ಸಿದ್ಧ ಕಪಾಟುಗಳನ್ನು ನೋಡಿಬಂದೆವು. ಅವುಗಳಲ್ಲಿ ಅರ್ಧದಷ್ಟು ಜಾಗ ಬಟ್ಟೆ ನೇತುಹಾಕುವುದಕ್ಕೆ ಮೀಸಲಾಗಿತ್ತು. ಅಮ್ಮನಿಗೆ ಬೇಕಾಗಿದ್ದುದು ಮಡಿಸಿದ ಸೀರೆಗಳನ್ನು ಸೊಂಟದಿಂದ ಎದೆಯ ಎತ್ತರದೊಳಗೆ ಇಡುವ ಅರೆಗಳು ಮಾತ್ರ.

ಅವರ ಕೋಣೆಯಲ್ಲಿ ಮನೆ ಕಟ್ಟುವಾಗಲೇ ಕಪಾಟಿಗೆಂದು ಬಿಟ್ಟಿದ್ದ ಗೂಡು ಖಾಲಿ ಇತ್ತು. ಪರಿಚಯದ ಬಡಗಿಯೊಬ್ಬರನ್ನು ಕರೆಸಿದೆ. ಅಳತೆ ಮಾಡಿ, ಬಾಗಿಲುಗಳನ್ನು ಬಿಟ್ಟು, ಒಳಗಿನ ಅರೆಗಳಿಗೆ ಬಣ್ಣವೂ ಸೇರಿ 20,000 ರೂಪಾಯಿ ಎಂದರು. ಅಷ್ಟು ಹಣವೇಕೆ, ನಾಲ್ಕು ಭಾನುವಾರಗಳಲ್ಲಿ ನಾನೇ ಮಾಡುವೆನೆಂದು ನಿಶ್ಚಯಿಸಿದೆ.

ಅಳತೆ ಮತ್ತು ನಕ್ಷೆ

ಗೋಡೆಗಳು ಕಣ್ಣಿಗೆ ನೇರವಾಗಿ ಕಂಡರೂ ಎಂದಿಗೂ ನೇರವಾಗಿರುವುದಿಲ್ಲ. ಆದುದರಿಂದ ಗೂಡಿನ ಅಗಲವನ್ನು ಕೆಳಗೆ, ನಡುವೆ ಮತ್ತು ಮೇಲೆ ಮೂರು ಕಡೆ ಅಳೆದು, ಅವುಗಳಲ್ಲಿ ಕನಿಷ್ಠವಾದುದನ್ನೇ ಆಧಾರವಾಗಿ ತೆಗೆದುಕೊಳ್ಳಬೇಕು. ನಮ್ಮ ಗೂಡು ಕೆಳಗೆ 1,521 ಮಿ.ಮೀ., ಮೇಲೆ 1,515 ಮಿ.ಮೀ. ಇತ್ತು. ಎರಡು ಪಕ್ಕಗಳಲ್ಲಿ ಹಾಗೂ ನಡುವೆ ಒಂದು, ಹೀಗೆ 18 ಮಿ.ಮೀ. ದಪ್ಪದ ಮೂರು ನಿಲುಹಲಗೆಗಳು 54 ಮಿ.ಮೀ. ಜಾಗ ಪಡೆಯುತ್ತವೆ. ಉಳಿದುದನ್ನು ಎರಡು ಅಂಕಣಗಳಿಗೆ ಹಂಚಿದಾಗ ಪ್ರತಿಯೊಂದು ಅಡ್ಡಹಲಗೆಗೆ 730 ಮಿ.ಮೀ. ಉದ್ದ ದೊರೆಯಿತು. ಬಟ್ಟೆಯ ಭಾರಕ್ಕೆ 18 ಮಿ.ಮೀ. ಪ್ಲೈವುಡ್ ಈ ಅಂತರದಲ್ಲಿ ಬಾಗುವುದಿಲ್ಲ. ಅಂತರ 900 ಮಿ.ಮೀ. ಮೀರಿದರೆ ನಡುವೆ ಆಧಾರ ಕೊಡುವುದು ಕ್ಷೇಮ. ಪಾರ್ಟಿಕಲ್ ಬೋರ್ಡ್ ಆದರೆ 600 ಮಿ.ಮೀ.ಗೇ ಈ ಎಚ್ಚರಿಕೆ ಅಗತ್ಯ.

ಎಡ ಅಂಕಣಕ್ಕೆ ಐದು, ಬಲ ಅಂಕಣಕ್ಕೆ ನಾಲ್ಕು, ಒಟ್ಟು ಒಂಬತ್ತು ಅಡ್ಡಹಲಗೆಗಳು. ಅಮ್ಮನ ಸೀರೆಗಳಿಗಾಗಿ ಎಡ ಅಂಕಣದಲ್ಲಿ ನೆಲದಿಂದ 600, 900 ಮತ್ತು 1,200 ಮಿ.ಮೀ. ಎತ್ತರದಲ್ಲಿ ಮೂರು ಹಲಗೆಗಳನ್ನು ನಿಗದಿಪಡಿಸಿದೆ. ತೇವ ಮತ್ತು ಗೆದ್ದಲಿನ ದೃಷ್ಟಿಯಿಂದ ಅತ್ಯಂತ ಕೆಳಗಿನ ಹಲಗೆಯನ್ನು ನೆಲದಿಂದ 100 ಮಿ.ಮೀ. ಮೇಲಕ್ಕೆ ಇಟ್ಟೆ.

ಐವತ್ತು ಮಿಲಿಮೀಟರಿನ ಬೆಲೆ

ಬಡಗಿಯವರು ಸೂಚಿಸಿದ್ದ ಆಳ 450 ಮಿ.ಮೀ. ಮಾರುಕಟ್ಟೆಯಲ್ಲಿ ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ, ಅಂದರೆ 2,440 × 1,220 ಮಿ.ಮೀ. ಅಳತೆಯಲ್ಲಿ ಬರುತ್ತದೆ. 1,220 ಮಿ.ಮೀ. ಅಗಲದಲ್ಲಿ 450ರ ಪಟ್ಟಿಗಳು ಎರಡು ಮಾತ್ರ ದೊರೆಯುತ್ತವೆ, ಉಳಿದುದು ತುಂಡು. ಆಳವನ್ನು 400 ಮಿ.ಮೀ.ಗೆ ಇಳಿಸಿದರೆ ಗರಗಸದ ಸವೆತವನ್ನು ಕಳೆದರೂ ಮೂರು ಪಟ್ಟಿಗಳು ದೊರೆಯುತ್ತವೆ. ಮಡಿಸಿದ ಸೀರೆಗೆ 400 ಮಿ.ಮೀ. ಧಾರಾಳವಾಗಿ ಸಾಕು. ಬಟ್ಟೆಯನ್ನು ಹ್ಯಾಂಗರಿಗೆ ತೂಗುಹಾಕುವುದಿದ್ದರೆ ಮಾತ್ರ ಎರಡು ಅಡಿಯಷ್ಟು ಆಳ ಬೇಕಾಗುತ್ತದೆ.

ಇದರ ಪರಿಣಾಮವನ್ನು ಗಮನಿಸಿರಿ. 450ರ ಆಳಕ್ಕೆ ಮೂರು ಹಾಳೆಗಳು ಬೇಕು, ಅವುಗಳ ಶೇ. 65ರಷ್ಟು ಮಾತ್ರ ಉಪಯೋಗವಾಗುತ್ತದೆ. 400ರ ಆಳಕ್ಕೆ ಎರಡೇ ಹಾಳೆಗಳು ಸಾಕು, ಶೇ. 86ರಷ್ಟು ಉಪಯೋಗವಾಗುತ್ತದೆ. ಮೊದಲ ಹಾಳೆಯಿಂದ 2,090 ಮಿ.ಮೀ. ಎತ್ತರದ ಮೂರು ನಿಲುಹಲಗೆಗಳು, ಎರಡನೆಯದರಿಂದ ಪಟ್ಟಿಗೆ ಮೂರರಂತೆ ಒಂಬತ್ತು ಅಡ್ಡಹಲಗೆಗಳು. ನಿಲುಹಲಗೆಗಳನ್ನು ಕತ್ತರಿಸಿ ಉಳಿದ ತುಂಡುಗಳನ್ನು ಸಣ್ಣದಾಗಿ ಸೀಳಿಸಿ, ಅಡ್ಡಹಲಗೆಗಳ ಕೆಳಗೆ ಆಧಾರವಾಗಿ ಬಡಿಯುವ ರೀಪುಗಳನ್ನಾಗಿ ಬಳಸಿದೆ. ಹಾಳೆಯ ಮೇಲ್ಮೈ ಎಳೆಗಳು ಸಾಮಾನ್ಯವಾಗಿ 8 ಅಡಿಯ ದಿಕ್ಕಿನಲ್ಲಿರುವುದರಿಂದ ಅಡ್ಡಹಲಗೆಯ ಉದ್ದವನ್ನೂ ಅದೇ ದಿಕ್ಕಿಗೆ ಹಿಡಿಯಬೇಕು, ಆಗ ಹಲಗೆಗೆ ಬಲ ಹೆಚ್ಚು.

ಸಾಮಗ್ರಿಯ ಆಯ್ಕೆ

ಹಾಳೆಯ ಮೇಲೆ ಐಎಸ್‌ಐ ಮುದ್ರೆ ಹಾಗೂ ಮಾನಕ ಸಂಖ್ಯೆಯನ್ನು ನೋಡಿ ಕೊಳ್ಳಬೇಕು. ಸಾಮಾನ್ಯ ಬಳಕೆಯ ಪ್ಲೈವುಡ್‌ಗೆ ಐಎಸ್ 303, ಮೆರೈನ್ ಪ್ಲೈವುಡ್‌ಗೆ ಐಎಸ್ 710. ಒಣ ಕೋಣೆಯ ಕಪಾಟಿಗೆ ಮೆರೈನ್ ದರ್ಜೆ ಅನವಶ್ಯಕ ವೆಚ್ಚ. ಆದರೆ ಗೋಡೆಯ ಆಚೆ ಸ್ನಾನದ ಮನೆಯಿದ್ದರೆ ಅಥವಾ ಮಲೆನಾಡಿನಂತಹ ಮಳೆಯ ಸೀಮೆಯಾಗಿದ್ದರೆ ಕುದಿನೀರು ನಿರೋಧಕ ಅಂಟಿನ ದರ್ಜೆಯನ್ನು ಕೊಳ್ಳುವುದು ಉಳಿತಾಯವೇ ಸರಿ. ಗೋಡೆಯಲ್ಲಿ ತೇವವಿದ್ದರೆ ಮೊದಲು ಅದನ್ನು ನಿವಾರಿಸಬೇಕು, ಕಪಾಟು ಅನಂತರದ ಮಾತು.

ಹಾಳೆಗಳನ್ನು ಅಂಗಡಿಯ ಯಂತ್ರಗರಗಸದಲ್ಲಿಯೇ ಕತ್ತರಿಸಿಕೊಂಡು ಬರುವುದು ಲೇಸು. ಮನೆಯಲ್ಲಿ ಕೈಗರಗಸದಿಂದ ಎಂಟು ಅಡಿಯ ನೇರ ಗೆರೆ ಎಳೆಯುವುದು ಅಭ್ಯಾಸವಿಲ್ಲದವರಿಂದ ಆಗದ ಕೆಲಸ. ಮನೆಗೆ ತಂದ ಮೇಲೆ ಉಳಿಯುವುದು ಮರಳುಕಾಗದದಿಂದ ಉಜ್ಜುವುದು, ಬಣ್ಣ ಬಳಿಯುವುದು ಮತ್ತು ಜೋಡಣೆ. ಗೋಡೆಗೆ ರಂಧ್ರ ಕೊರೆಯುವ ಮುನ್ನ ಒಳಗೆ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬಣ್ಣ ಒಣಗಿದ ಬಳಿಕವೂ ಕೆಲವು ದಿನ ಗಾಳಿಯಾಡಲು ಬಿಟ್ಟು, ವಾಸನೆ ಹೋದ ಮೇಲೆಯೇ ಬಟ್ಟೆಗಳನ್ನಿಡಬೇಕು.

ಒಂದು ಬಿಂದುವಿನ ಪ್ರಮಾದ

ಇಷ್ಟೆಲ್ಲ ಎಚ್ಚರಿಕೆ ವಹಿಸಿದ ನಾನೇ ಒಂದು ತಪ್ಪು ಮಾಡಿದೆ. ನಮ್ಮ ಬಡಗಿಗಳು ಅಳೆಯುವುದು ಇಂಚು ಮತ್ತು ನೂಲಿನಲ್ಲಿ. ಒಂದು ನೂಲು ಎಂದರೆ ಇಂಚಿನ ಎಂಟನೆಯ ಒಂದು ಭಾಗ. 730 ಮಿ.ಮೀ. ಎಂದರೆ ಬಹುತೇಕ 28 ಇಂಚು 6 ನೂಲು. ಮೊದಲ ಮೂರು ಹಲಗೆಗಳ ಅಳತೆಯನ್ನು ನಾನು ಟೇಪಿನಿಂದ ಇಂಚುಗಳಲ್ಲಿ ಗುರುತಿಸಿಕೊಂಡು, ಲೆಕ್ಕಿಗರ ಅಭ್ಯಾಸಬಲದಿಂದ '28.6' ಎಂದು ಬರೆದುಬಿಟ್ಟೆ. ಸಂಜೆ ಗಣಕಯಂತ್ರದಲ್ಲಿ ಅದನ್ನೇ 25.4ರಿಂದ ಗುಣಿಸಿದಾಗ ಬಂದುದು 726 ಮಿ.ಮೀ. ಉಳಿದ ಆರನ್ನು ನೇರವಾಗಿ ಮಿಲಿಮೀಟರಿನಲ್ಲಿ ಬರೆದಿದ್ದೆ. ಪಟ್ಟಿಯಲ್ಲಿದ್ದಂತೆಯೇ ಅಂಗಡಿಯವರು ಕತ್ತರಿಸಿಕೊಟ್ಟರು. ಮನೆಗೆ ಬಂದು ಜೋಡಿಸಿ ನೋಡಿದರೆ ಮೂರು ಹಲಗೆಗಳು ನಾಲ್ಕು ಮಿ.ಮೀ. ಗಿಡ್ಡ! ಒಂದೇ ಅಂಕಣದಲ್ಲಿ ಉದ್ದ-ಗಿಡ್ಡ ಬೆರೆತರೆ ಸಂದುಗಳು ಉಳಿಯುತ್ತವೆ, ನಡುವಿನ ಹಲಗೆ ನೇರವಾಗಿ ನಿಲ್ಲುವುದಿಲ್ಲ.

ಇನ್ನರ್ಧ ಹಾಳೆ ಕೊಳ್ಳಲು ಹೊರಟಿದ್ದಾಗ, ನಾನು ಬೇಡವೆಂದಿದ್ದ ಅದೇ ಬಡಗಿ ಬೇರಾವುದೋ ಕಾರ್ಯಕ್ಕೆ ಮನೆಗೆ ಬಂದರು. ಒಂದು ನಿಮಿಷ ನೋಡಿ, "ಗಿಡ್ಡ ಮೂರನ್ನೂ ನಾಲ್ಕು ಹಲಗೆಯ ಅಂಕಣಕ್ಕೆ ಹಾಕಿರಿ. ಉದ್ದದ್ದೊಂದನ್ನು ನಾಲ್ಕು ಮಿ.ಮೀ. ಕತ್ತರಿಸಿದರೆ ಆ ಅಂಕಣ ಪೂರ್ಣವಾಯಿತು. ಉಳಿದ ಐದು ಈ ಕಡೆಗೆ ಸರಿಹೋಗುತ್ತವೆ. ಗೋಡೆಯ ಪಕ್ಕದ ಸಂದಿಗೆ ಪಟ್ಟಿ ಕೊಡಿರಿ" ಎಂದರು. ಐವತ್ತು ರೂಪಾಯಿಯ ಒಂದು ಕೊಯ್ತದಲ್ಲಿ ಸಮಸ್ಯೆ ಬಗೆಹರಿಯಿತು. ಆ ಒಂದು ನಿಮಿಷದ ಸಲಹೆಗೆ ಅವರು ಏನನ್ನೂ ಪಡೆಯಲಿಲ್ಲ. ಕಚೇರಿಯಲ್ಲಿ ಕುಳಿತು ಸಲಹೆಗೆ ಶುಲ್ಕ ಪಡೆಯುವ ನನಗೆ ಅದು ಯೋಚಿಸಬೇಕಾದ ಸಂಗತಿಯಾಯಿತು.

ವೆಚ್ಚದ ತಖ್ತೆ

ದರಗಳು ಊರಿನಿಂದ ಊರಿಗೆ ಬದಲಾಗುವುದರಿಂದ, ಲೆಕ್ಕದ ಅನುಕೂಲಕ್ಕಾಗಿ ಪ್ಲೈವುಡ್ ಚದರಡಿಗೆ 100 ರೂ. ಎಂದು ಹಿಡಿದಿದ್ದೇನೆ.

ಪ್ಲೈವುಡ್ 2 ಹಾಳೆ, 64 ಚದರಡಿ: 6,400 ರೂ.
ಜಿಎಸ್‌ಟಿ ಶೇ. 18: 1,152 ರೂ.
ಕತ್ತರಿಸುವ ಕೂಲಿ: 600 ರೂ.
ಪ್ರೈಮರ್ ಮತ್ತು ಬಣ್ಣ: 1,400 ರೂ.
ಅಂಚುಪಟ್ಟಿ: 500 ರೂ.
ತಿರುಪು, ಎಲ್-ಪಟ್ಟಿ, ಗೋಡೆಯ ಪ್ಲಗ್: 700 ರೂ.
ಸಾಗಾಣಿಕೆ: 500 ರೂ.
ಮರಳುಕಾಗದ ಇತ್ಯಾದಿ: 250 ರೂ.
ತಪ್ಪಿನ ದಂಡ: 50 ರೂ.
ಒಟ್ಟು: 11,552 ರೂ.

ಬಡಗಿಯ 20,000ದೊಡನೆ ಹೋಲಿಸಿದರೆ 8,448 ರೂ. ಉಳಿತಾಯವೆಂದು ಮನೆಯಲ್ಲಿ ಬೀಗಿದೆ. ಆದರೆ ಲೆಕ್ಕಪರಿಶೋಧಕನ ಮನಸ್ಸು ಒಪ್ಪಲಿಲ್ಲ. ನನ್ನ ದುಡಿಮೆಗೆ ಬೆಲೆಯಿಲ್ಲವೇ? ನಾನು 26 ಗಂಟೆ ದುಡಿದಿದ್ದೆ. ನುರಿತವರಿಗೆ ಅದು ಎರಡು ದಿನದ ಕೆಲಸ. ಕಲಿಯುವವನ ನಿಧಾನಕ್ಕೆ ಬೆಲೆ ಕಟ್ಟಲಾಗದು. ಆದ್ದರಿಂದ ದಿನಕ್ಕೆ 1,200ರಂತೆ 2,400 ರೂ. ಸೇರಿಸಿದೆ. ಹೊಸದಾಗಿ ಕೊಂಡ 2,500 ರೂಪಾಯಿಯ ಡ್ರಿಲ್ ಯಂತ್ರದ ಸವೆತಕ್ಕೆ 250 ರೂ. ನಿಜವಾದ ವೆಚ್ಚ 14,202 ರೂ., ಉಳಿತಾಯ 5,798 ರೂ.

ಇಲ್ಲಿಗೂ ಲೆಕ್ಕ ಮುಗಿಯುವುದಿಲ್ಲ. ಬಡಗಿಯ ಅಂದಾಜು ಮೂರು ಹಾಳೆಗಳದು, ನನ್ನದು ಎರಡರದು. ಒಂದು ಹಾಳೆಗೆ ತೆರಿಗೆ ಸೇರಿ 3,776 ರೂ. ಇದನ್ನು ಕಳೆದರೆ ಗರಗಸ-ಸುತ್ತಿಗೆ ಹಿಡಿದು ನಾನು ಉಳಿಸಿದ್ದು ಕೇವಲ 2,022 ರೂ. ಅವರ ದರದಲ್ಲಿ ತಪ್ಪು ಕೊಯ್ತದ ನಷ್ಟಭಯ, ಉಪಕರಣಗಳ ಸವೆತ, ಮುಂದೆ ಏನಾದರೂ ಸಡಿಲವಾದರೆ ಬಂದು ಸರಿಪಡಿಸುವ ಹೊಣೆ ಎಲ್ಲವೂ ಅಡಗಿದ್ದವು. ಅವರ ದರ ಹೆಚ್ಚಾಗಿರಲಿಲ್ಲ. ನನ್ನ ಉಳಿತಾಯದ ಮೂರರಲ್ಲಿ ಎರಡು ಭಾಗದಷ್ಟು ಬಂದುದು ಕೈಕೆಲಸದಿಂದಲ್ಲ, ಕಾಗದದ ಮೇಲಿನ ಯೋಚನೆಯಿಂದ. ಆಳವನ್ನು 400ಕ್ಕೆ ಇಳಿಸೋಣವೆಂದು ಅವರಿಗೇ ಹೇಳಿದ್ದರೆ ಆ ಉಳಿತಾಯ ಭಾನುವಾರಗಳನ್ನು ಕಳೆದುಕೊಳ್ಳದೆಯೇ ದೊರೆಯುತ್ತಿತ್ತು.

ತೆರಿಗೆಯ ಎರಡು ಮಾತು

ಪ್ಲೈವುಡ್ ಮೇಲಿನ ಜಿಎಸ್‌ಟಿ ದರವು 2017ರ ಜುಲೈನಲ್ಲಿ ಶೇ. 28 ಇದ್ದುದು, ಅದೇ ವರ್ಷದ ನವೆಂಬರ್ 15ರಿಂದ ಶೇ. 18ಕ್ಕೆ ಇಳಿಯಿತು. ಹೀಗಿದ್ದೂ "ಬಿಲ್ಲು ಬೇಕೇ?" ಎಂಬ ಪ್ರಶ್ನೆ ನನಗೂ ಎದುರಾಯಿತು. ಬಿಲ್ಲಿಲ್ಲದ ಹಾಳೆಯಲ್ಲಿ ಒಳಗೆ ಟೊಳ್ಳು ಕಂಡುಬಂದರೆ ಯಾರನ್ನು ಕೇಳುವುದು? ಮತ್ತೆ ಕೆಲವರು ಮನೆಯ ಕಪಾಟಿನ ಬಿಲ್ಲನ್ನು ಅಂಗಡಿಯ ಹೆಸರಿಗೆ ಬರೆಸಿ ಹೂಡುವಳಿ ತೆರಿಗೆ ಜಮೆ ಪಡೆಯುವುದನ್ನು ನಾನು ಕಂಡಿದ್ದೇನೆ. ಸ್ವಂತ ಬಳಕೆಯ ಸರಕಿಗೆ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನ ಪ್ರಕಾರ ಜಮೆ ದೊರೆಯುವುದಿಲ್ಲ. ವ್ಯಾಪಾರದ ಹಣದಿಂದ ಕೊಟ್ಟಿದ್ದರೆ ಅದನ್ನು ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯಬೇಕು.

ಇದೇ ಅರೆಗಳನ್ನು ಅಂಗಡಿಯ ದಾಸ್ತಾನಿಗಾಗಿ ಮಾಡಿಸಿದ್ದರೆ ಸಂಗತಿ ಬೇರೆ. ಅದು ಪೀಠೋಪಕರಣ ಎಂಬ ಸ್ಥಿರ ಆಸ್ತಿ. ಶೇ. 10ರಂತೆ ಸವಕಳಿ ದೊರೆಯುತ್ತದೆ, ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರರ್ಧ. ತೆರಿಗೆಯ ಜಮೆಯೂ ಲಭ್ಯ. ಆದರೆ ಜಮೆ ಪಡೆದ ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ಉಪಸಂಹಾರ

ಈ ಪುಟ್ಟ ಕಪಾಟು ನಮ್ಮ ಸಣ್ಣ ಕೈಗಾರಿಕೆಗಳಿಗೂ ಅನ್ವಯಿಸುವ ಮೂರು ಪಾಠಗಳನ್ನು ಕಲಿಸಿದೆ. ಒಂದು, ಕಚ್ಚಾ ಸಾಮಗ್ರಿಯ ಪ್ರಮಾಣಿತ ಅಳತೆಯನ್ನು ನೋಡಿ ವಸ್ತುವಿನ ಅಳತೆಯನ್ನು ನಿರ್ಧರಿಸಬೇಕು. ಎರಡು, ಕೆಲಸ ಮುಗಿಯುವವರೆಗೆ ಒಂದೇ ಮಾನವನ್ನು ಬಳಸಬೇಕು. ಮೂರು, ಮಾಲೀಕ ತನ್ನ ದುಡಿಮೆಗೆ ಬೆಲೆ ಕಟ್ಟದೆ ಲಾಭವೆಂದು ಹೇಳಿಕೊಳ್ಳುವುದು ಆತ್ಮವಂಚನೆ. ದಿನಕ್ಕೆ ಹನ್ನೆರಡು ಗಂಟೆ ದುಡಿದು, ತನ್ನ ಸಂಬಳವನ್ನು ಕಳೆಯದೆಯೇ ಸರಕಿಗೆ ದರ ಕಟ್ಟುವ ಎಷ್ಟೋ ಘಟಕಗಳ ಲೆಕ್ಕಪತ್ರಗಳು ನನ್ನ ಮೇಜಿನ ಮೇಲೆ ಬಂದುಹೋಗಿವೆ.

ಗಾದೆಯ ಮಾತಿಗೆ ಬಂದರೆ, ತಾನು ಯೋಚಿಸುವುದು ಉತ್ತಮ, ಬಲ್ಲವರಿಂದ ಮಾಡಿಸುವುದು ಅದಕ್ಕೆ ಕಡಿಮೆಯೇನಲ್ಲ ಎನ್ನಬಹುದು. ಕಪಾಟಿನ ಬಾಗಿಲುಗಳ ಕೆಲಸವನ್ನು ಚೌಕಾಸಿ ಮಾಡದೆ ಅದೇ ಬಡಗಿಗೆ ಒಪ್ಪಿಸಿದೆ. ಬಾಗಿಲು ಬರುವ ಮೊದಲೇ ಅಮ್ಮ ತಮ್ಮ ಸೀರೆಗಳನ್ನು ತಾವೇ ಜೋಡಿಸಿಟ್ಟುಕೊಂಡಿದ್ದರು. ಈಗ ಬೆಳಿಗ್ಗೆ ಅವರ ಕೋಣೆಯಿಂದ ಯಾರನ್ನೂ ಕರೆಯುವ ಸದ್ದು ಕೇಳಿಸುವುದಿಲ್ಲ. ಆ ಬಾಬತ್ತನ್ನು ತಖ್ತೆಯ ಯಾವ ಕಡೆಗೂ ನಾನು ಬರೆದಿಲ್ಲ.