ಟೈರು ಒಂದೇ ಬದಿ ಸವೆದರೆ ಗಾಡಿಗೆ ಏನಾಗಿದೆ?

ಉಜಿರೆ ದಾಟಿ ಘಾಟಿಯತ್ತ ಹೊರಟವರಿಗೆ ಕಕ್ಕಿಂಜೆ ಕಳೆದ ಮೇಲೆ ಸಪಾಟು ರಸ್ತೆ ಹೆಚ್ಚು ಸಿಗುವುದಿಲ್ಲ. ಮುಂದೆ ಚಾರ್ಮಾಡಿ, ಅದರ ಬೆನ್ನಿಗೇ ಕೊಟ್ಟಿಗೆಹಾರದ ತನಕ ತಿರುವುಗಳ ಏರು. ರಾಷ್ಟ್ರೀಯ ಹೆದ್ದಾರಿ 73ರ ಈ ಭಾಗದಲ್ಲಿ ಪಿಕಪ್‌ಗಳಿಗೆ ಬಿಡುವಿಲ್ಲ. ಘಟ್ಟದ ಮೇಲಿನಿಂದ ತರಕಾರಿ ಇಳಿಯುತ್ತದೆ. ಒಳದಾರಿಗಳಿಂದ ಅಡಿಕೆ, ತೆಂಗಿನಕಾಯಿ, ರಬ್ಬರ್ ಶೀಟು ಬರುತ್ತವೆ; ಕೋರೆಯಿಂದ ಕೆಂಪುಕಲ್ಲು ಹೊರಡುತ್ತದೆ.

ಇಂಥ ದಾರಿಯಲ್ಲಿ ಟೈರು ಬೇಗ ಸವೆಯುವುದು ಸಹಜ. ಆದರೆ ನಾಲ್ಕರಲ್ಲಿ ಒಂದೇ ಟೈರು, ಅಥವಾ ಒಂದು ಟೈರಿನ ಒಂದೇ ಬದಿ ಬೇಗ ಸವೆಯುವುದು ಸಹಜವಲ್ಲ. ಆಗ ಹೊಸ ಟೈರು ಹಾಕಿಸಿ ಸುಮ್ಮನಾದರೆ, ಅದೂ ಕೆಲವೇ ತಿಂಗಳಲ್ಲಿ ಹಾಗೆಯೇ ಸವೆಯುತ್ತದೆ. ಕಾರಣ ಗಾಡಿಯಲ್ಲೇ ಉಳಿದಿರುತ್ತದೆ. ಬಾಡಿಗೆ ನಂಬಿ ಬದುಕುವವನಿಗೆ ಇದು ಸಣ್ಣ ನಷ್ಟವಲ್ಲ.

ಗಾಳಿ ಹೇಳುವ ಲೆಕ್ಕ

ಮೊದಲು ನೋಡಬೇಕಾದದ್ದು ಸವೆತ ಎಲ್ಲಿದೆ ಎಂಬುದನ್ನು. ಎರಡೂ ಅಂಚು ಸವೆದು ನಡು ಎತ್ತರ ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಭಾರ ಹೆಚ್ಚು. ನಡು ಸವೆದು ಅಂಚು ಚೆನ್ನಾಗಿದ್ದರೆ ಗಾಳಿ ಹೆಚ್ಚು. ಪಿಕಪ್‌ನ ಹಿಂದಿನ ಟೈರುಗಳಲ್ಲಿ ಈ ಎರಡನೆಯ ಬಗೆ ಆಗಾಗ ಕಾಣುತ್ತದೆ. ಲೋಡಿಗೆಂದು ತುಂಬಿಸಿದ ಗಾಳಿಯಲ್ಲೇ ಗಾಡಿ ಖಾಲಿಯಾಗಿ ಮರಳುತ್ತದೆ. ಟೈರು ಉಬ್ಬಿ ನಡುಭಾಗವಷ್ಟೇ ರಸ್ತೆಗೆ ತಾಗುತ್ತದೆ. ಒದ್ದೆ ರಸ್ತೆಯಲ್ಲಿ ಖಾಲಿ ಪಿಕಪ್‌ನ ಹಿಂಭಾಗ ಜಾರುವುದಕ್ಕೆ ಇದೂ ಒಂದು ಕಾರಣ.

ಲೋಡಿದ್ದಾಗ ಎಷ್ಟು, ಖಾಲಿ ಇದ್ದಾಗ ಎಷ್ಟು ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬಹಳಷ್ಟು ಗಾಡಿಗಳಲ್ಲಿ ಬಾಗಿಲ ಬಳಿಯ ಚೀಟಿಯಲ್ಲೂ ಅದು ಇರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು. ಘಾಟಿ ಇಳಿದು ಬಂದ ಬಿಸಿ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಅಂಗೈಗೆ ಸಿಗುವ ಸುಳಿವು

ಕಣ್ಣಿಗೆ ಕಾಣದ ಸವೆತ ಅಂಗೈಗೆ ಸಿಗುತ್ತದೆ. ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಗೆ ಎಳೆಯಿರಿ; ಮತ್ತೆ ಒಳಗಿನಿಂದ ಹೊರಗೆ. ತಂತಿ ಹೊರಬಂದಿರಬಹುದು, ಜೋಪಾನ. ಒಂದು ದಿಕ್ಕಿನಲ್ಲಿ ನುಣುಪಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಗರಗಸದಂತೆ ಕೈಗೆ ತಾಗಿದರೆ, ಚಕ್ರ ನೇರ ಉರುಳುತ್ತಿಲ್ಲ, ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತಿದೆ ಎಂದರ್ಥ. ಗ್ಯಾರೇಜಿನಲ್ಲಿ ಇದನ್ನೇ ‘ಟೋ’ ತಪ್ಪಿದೆ ಎನ್ನುವುದು. ಹೊರಗಿನಿಂದ ಒಳಗೆ ನುಣುಪಾಗಿದ್ದರೆ ಚಕ್ರಗಳ ಮುಂಭಾಗ ಅತಿಯಾಗಿ ಒಳಮುಖವಾಗಿದೆ. ಒಳಗಿನಿಂದ ಹೊರಗೆ ನುಣುಪಾಗಿದ್ದರೆ ಹೊರಮುಖವಾಗಿದೆ.

ಟೋ ಅರ್ಧ ಡಿಗ್ರಿ ತಪ್ಪಿದರೆ ಏನಾದೀತು ಎಂದು ಕೇಳಬಹುದು. ಓಡುವ ದಿಕ್ಕಿಗೆ ಅರ್ಧ ಡಿಗ್ರಿ ಓರೆಯಾಗಿರುವ ಚಕ್ರ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ 9 ಮೀಟರ್ ಪಕ್ಕಕ್ಕೆ ಉಜ್ಜಿಕೊಂಡಿರುತ್ತದೆ. ಲೋಡು ಹೊತ್ತ ರಬ್ಬರು ಪ್ರತಿ ಕಿಲೋಮೀಟರಿಗೂ ಹೀಗೆ ತೇಯುತ್ತಿದ್ದರೆ ಎಷ್ಟು ದಿನ ಬಾಳೀತು?

ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದ್ದರೆ ಕಾರಣ ಬೇರೆ. ಶಾಕ್ ಅಬ್ಸಾರ್ಬರ್ ಸೋತಿರಬಹುದು, ಬೇರಿಂಗ್ ಸಡಿಲವಾಗಿರಬಹುದು, ಬ್ಯಾಲೆನ್ಸಿಂಗ್ ತಪ್ಪಿರಬಹುದು. ಒಂದೇ ಕಡೆ ಚಪ್ಪಟೆಯಾಗಿದ್ದರೆ ಬ್ರೇಕ್ ಹಿಡಿದು ಚಕ್ರ ಉರುಳದೆ ಎಳೆದುಕೊಂಡು ಹೋಗಿರುವ ಸಂಭವವೇ ಹೆಚ್ಚು.

ಅಲೈನ್‌ಮೆಂಟ್‌ಗೆ ಮೊದಲು ಜಾಕಿ

ಓರೆ ಸವೆತ ಕಂಡಕೂಡಲೇ ಅಲೈನ್‌ಮೆಂಟ್ ಮಾಡಿಸುವುದು ರೂಢಿ. ಆದರೆ ಸಡಿಲವಾದ ಗಾಡಿಗೆ ಮಾಡಿದ ಅಲೈನ್‌ಮೆಂಟ್ ಮೊದಲ ಹೊಂಡಕ್ಕೆ ಬಿದ್ದಾಗಲೇ ಕೆಡುತ್ತದೆ. ಹಾಗಾಗಿ ಮೊದಲು ಜಾಕಿ ಕೊಟ್ಟು ಸ್ಟ್ಯಾಂಡ್ ಇಟ್ಟು ಚಕ್ರ ಎತ್ತಬೇಕು. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಆಡಿದರೆ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್ ನೋಡಬೇಕು. ಅದೇ ಹೊತ್ತಿಗೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ತೊಂದರೆ ಬೇರಿಂಗಿನದು, ನಿಲ್ಲದಿದ್ದರೆ ಕೀಲುಗಳದು. ಎಡಬಲ ಹಿಡಿದು ಅಲುಗಾಡಿಸಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ ಸವೆದಿರುತ್ತದೆ. ಸಡಿಲವಾದದ್ದನ್ನು ಬದಲಿಸಿ, ಗಾಳಿ ಸರಿಮಾಡಿ, ಆಮೇಲೆ ಅಲೈನ್‌ಮೆಂಟ್. ಈ ಕ್ರಮ ತಪ್ಪಿದರೆ ದುಡ್ಡು ಎರಡು ಸಲ ಹೋಗುತ್ತದೆ.

ಮುಂದೆಯೂ ಪಟ್ಟಿಯೇ (ಲೀಫ್ ಸ್ಪ್ರಿಂಗ್) ಇರುವ ಗಾಡಿಗಳಲ್ಲಿ ಕ್ಯಾಂಬರ್, ಅಂದರೆ ಚಕ್ರದ ಓರೆ, ಬೋಲ್ಟ್ ತಿರುಗಿಸಿ ಸರಿಪಡಿಸುವಂಥದ್ದಲ್ಲ. ಒಂದೇ ಅಂಚು ನುಣ್ಣಗೆ ಸವೆಯುತ್ತಿದ್ದರೆ ಆಕ್ಸಲ್ ಬಗ್ಗಿದೆಯೇ ಎಂದು ನೋಡಿಸಬೇಕು.

ಹಿಂದಿನ ಆಕ್ಸಲ್ ಮರೆಯಬೇಡಿ

ಎಲ್ಲರ ಗಮನ ಮುಂದಿನ ಚಕ್ರಗಳ ಮೇಲೆ. ಆದರೆ ಕಲ್ಲು ಹೊರುವ ಗಾಡಿಗಳಲ್ಲಿ ರೋಗ ಹಿಂದೆಯೂ ಇರಬಹುದು. ಹಿಂದಿನ ಪಟ್ಟಿಗಳನ್ನು ಜೋಡಿಸಿ ಹಿಡಿಯುವ ಸೆಂಟರ್ ಬೋಲ್ಟ್ ತುಂಡಾದರೆ, ಅಥವಾ ಯು ಬೋಲ್ಟ್ ಸಡಿಲಾದರೆ ಆಕ್ಸಲ್ ಒಂದು ಬದಿಗೆ ಹಿಂದೆ ಸರಿಯುತ್ತದೆ. ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ. ನೇರ ಹೋಗಲು ಸ್ಟೇರಿಂಗ್ ಸದಾ ಒಂದು ಕಡೆಗೆ ಹಿಡಿದಿರಬೇಕಾಗುತ್ತದೆ. ಪರೀಕ್ಷೆಗೆ ಒಂದು ಅಳತೆ ಟೇಪು ಸಾಕು. ಚಕ್ರಗಳನ್ನು ನೇರ ಮಾಡಿ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆಯಿರಿ. ವ್ಯತ್ಯಾಸ ಎದ್ದು ಕಂಡರೆ ಮೊದಲು ಪಟ್ಟಿಯ ಕೆಲಸ.

ಘಾಟಿಯ ಪಾಲೆಷ್ಟು?

ಹಿಮ್ಮುರಿ ತಿರುವುಗಳಲ್ಲಿ ಭಾರವೆಲ್ಲ ಹೊರಬದಿಗೆ ವಾಲುತ್ತದೆ. ಇಳಿಯುವಾಗ ಬ್ರೇಕ್ ಒತ್ತಿದಷ್ಟೂ ಮುಂದಕ್ಕೆ ಬೀಳುತ್ತದೆ. ಆದ್ದರಿಂದ ಚಾರ್ಮಾಡಿಯಲ್ಲಿ ನಿತ್ಯ ಓಡಾಡುವ ಗಾಡಿಯ ಮುಂದಿನ ಎರಡೂ ಟೈರುಗಳ ಹೊರ ಅಂಚು ತುಸು ಹೆಚ್ಚು, ಆದರೆ ಸಮನಾಗಿ ಸವೆದಿದ್ದರೆ ಅದು ರಸ್ತೆಯ ಪಾಲು. ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದರೆ ಅದು ಗಾಡಿಯ ಪಾಲು. ಮೊದಲನೆಯದಕ್ಕೆ 8–10 ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಅದಲುಬದಲು ಮಾಡುವುದೇ ಮದ್ದು. ಎರಡನೆಯದಕ್ಕೆ ಅದು ಮದ್ದಲ್ಲ, ಇನ್ನೊಂದು ಟೈರನ್ನೂ ಹಾಳುಮಾಡುವ ದಾರಿ.

ಮಳೆಗಾಲಕ್ಕೆ ಮೊದಲೇ ಈ ತಪಾಸಣೆ ಮುಗಿಯಬೇಕು. 2019ರ ಆಗಸ್ಟ್ ಮಳೆಗೆ ಘಾಟಿ ಹಲವೆಡೆ ಕುಸಿದು ಸಂಚಾರಕ್ಕೆ ದೀರ್ಘಕಾಲ ನಿರ್ಬಂಧವಿದ್ದುದನ್ನು ಇಲ್ಲಿನವರು ಮರೆತಿಲ್ಲ. ಅಂಥ ಮಳೆಯಲ್ಲಿ ಟೈರಿನಡಿಯ ನೀರನ್ನು ಹೊರಹಾಕುವುದು ಅದರ ಅಚ್ಚಿನ ಸೀಳುಗಳೇ. ನಿಯಮದಂತೆ ಪಿಕಪ್ ಟೈರಿನಲ್ಲಿ ಅವುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಅಳೆಯಬೇಕಾದದ್ದು ಅತಿ ಹೆಚ್ಚು ಸವೆದ ಕಡೆ. ಒಳ ಅಂಚು ನಿಂತು ನೋಡಿದವರಿಗೆ ಕಾಣುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಬೇಕು.

ಟೈರು ಬಿಚ್ಚಿಸುವಾಗ ಅದು ಎಡ ಮುಂದಿನದೋ, ಬಲ ಹಿಂದಿನದೋ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ಹಳೆಯ ಟೈರನ್ನು ಅಂಗಡಿಗೆ ಒಪ್ಪಿಸುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಕಾರಣ ಕೇಳಿ. ಅಲೈನ್‌ಮೆಂಟ್ ಆದ ಮೇಲೆ ಮೊದಲಿನ ಮತ್ತು ನಂತರದ ಅಳತೆಯ ಚೀಟಿ ಪಡೆದುಕೊಳ್ಳಿ. ಕಾರಣ ಗೊತ್ತಾಗುವ ತನಕ ಹೊಸ ಟೈರಿಗೆ ಹಾಕುವ ದುಡ್ಡು ರಸ್ತೆಗೆ ತೇದ ದುಡ್ಡೇ.